ಒಂದೇ ಸಲ ಕೇಳಿದೆ

ಜುಲೈ 6, 2021. ಬೆಳಿಗ್ಗೆ 9
ಮತ್ತೆ ಉಪ್ಪಿಟ್ಟು. ಒಬ್ಬಳಿಗೆ ಇನ್ನೇನು ಮಾಡುವುದು? ಇವರು ಮಾವನವರ ವರ್ಷಾಬ್ದಿಕಕ್ಕೆಂದು ಮೈಸೂರಿಗೆ ಹೋದವರು ಅಲ್ಲೇ ಸಿಕ್ಕಿಕೊಂಡು ಮೂರು ತಿಂಗಳು. ಇಂಡಿಯಾ ಫ್ಲೈಟೆಲ್ಲ ಬಂದ್. ಮಗ ಭುವನ್ ಮೆಲಾಕಾದ ಮೆಡಿಕಲ್ ಕಾಲೇಜ್ ಹಾಸ್ಟೆಲಿನಲ್ಲಿ. ಕೊರೋನಾ ಲಾಕ್‌ಡೌನ್, ಈ ದೇಶದಲ್ಲೂ ರಾಜ್ಯದ ಗಡಿ ದಾಟುವಂತಿಲ್ಲ. ಈ ಹದಿನೇಳನೇ ಮಹಡಿಯಲ್ಲಿ ಸದ್ದು ಮಾಡುವುದು ನಾನು ಮತ್ತು ಫ್ರಿಜ್ಜು.

ಸಂಜೆ 5.30
ಬಾಲ್ಕನಿ. ಪಕ್ಕದ ಮನೆಯ ಮಿಸ್ಟರ್ ಹ್ಯಾಲಮ್ ತಮ್ಮ ಬಾಲ್ಕನಿಗೆ ಬಂದರು. ಎಪ್ಪತ್ತಾರರ ಇಂಗ್ಲಿಷ್ ಮುದುಕರು, ಇಲ್ಲೇ ಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿ ರಿಟೈರ್ ಆದವರು. ಹೆಂಡತಿ ಹೋಗಿ ಆರು ವರ್ಷ. ಇವರ ಹೆಸರು ‘ಮಧ್ವರಾಜ’ಕ್ಕೆ ನಾಲಿಗೆ ಹೊರಳದೆ ನನ್ನನ್ನು ಮಿಸೆಸ್ ರಾಜ್ ಮಾಡಿದ್ದಾರೆ. ಅವರ ಏಸಿ ಕೆಟ್ಟು ಹನ್ನೊಂದು ದಿನವಂತೆ. ಬಿಲ್ಡಿಂಗ್ ಆಫೀಸಿಗೆ ಕಂಪ್ಲೇಂಟ್ ಮಾಡಿದಿರಾ ಎಂದೆ.
"ಪಾಪ, ಅವರಿಗೂ ಕೆಲಸ ಜಾಸ್ತಿ. ಸ್ವಲ್ಪ ಬೆಚ್ಚಗಿದೆ, ಅಷ್ಟೆ."
ಸ್ವಲ್ಪ ಬೆಚ್ಚಗೆ! ಮುಖ ಬೆಂದ ಬೀಟ್‌ರೂಟಾಗಿದೆ. ಒಳಗೆ ಬಂದು ನಾನೇ ಆಫೀಸಿಗೆ ಫೋನ್ ಮಾಡಿ ಸರಿಯಾಗಿ ಬೈದೆ.

ಜುಲೈ 9
ಏಸಿ ರಿಪೇರಿ ಆಯಿತು. "ನೋಡಿ, ತಾವಾಗಿಯೇ ಬಂದರು. ಕಾದರೆ ಎಲ್ಲ ಸರಿಹೋಗುತ್ತೆ," ಅಂತಾರೆ ಮುದುಕರು. ನಾಲಿಗೆ ಕಚ್ಚಿಕೊಂಡೆ.
ಬಿಸಿಬೇಳೆಬಾತ್ ಕೊಟ್ಟೆ. ಬೇಡ ಬೇಡ ಎಂದರು, ಬಿಡುತ್ತೇನೆಯೇ? ನಮ್ಮಲ್ಲಿ ಮೊದಲನೇ ‘ಬೇಡ’ ಲೆಕ್ಕಕ್ಕಿಲ್ಲ, ಎರಡನೆಯದು ಮರ್ಯಾದೆಗೆ. ನಮ್ಮಮ್ಮ ಮೂರನೆಯದನ್ನೂ ನಂಬುತ್ತಿರಲಿಲ್ಲ, ಎಲೆಗೆ ಅಡ್ಡ ಹಿಡಿದ ಕೈಮೇಲೇ ಬಡಿಸುತ್ತಿದ್ದಳು. ಡಬ್ಬಿ ಬಾಗಿಲ ಹಿಡಿಗೆ ನೇತುಹಾಕಿ ಬಂದೆ.
ಭುವನ್‌ಗೆ ಹೇಳಿದರೆ, ಇಲ್ಲಿಯವರಂತೆ ಮಾತಿಗೊಂದು ‘ಲಾ’ ಸೇರಿಸಿ— "ಅಮ್ಮಾ, ಹಿ ಸೆಡ್ ನೋ. ಯೂ ಕಾಂಟ್ ಫೋರ್ಸ್ ಪೀಪಲ್, ಲಾ. ಇಟ್ಸ್ ರೂಡ್."
ಬೇಡ ಬೇಡ ಅಂದವನಿಗೇ ಹಾಲು ಕುಡಿಸಿ ಬೆಳೆಸಿದ್ದಕ್ಕೆ ಇದು! ಆದರೂ ನಾಟಿತು. ಆ ಜನಕ್ಕೆ ಬೇಡವೆಂದರೆ ಬೇಡವೇ ಇರಬೇಕು. ಇನ್ನು ಮೇಲೆ ಒಂದೇ ಸಲ ಕೇಳುವುದು.

ಜುಲೈ 13
ಗೋಡೆಯಾಚೆ ಕೆಮ್ಮು. ಈ ಕಾಲದಲ್ಲಿ ಕೆಮ್ಮೆಂದರೆ ಎದೆ ಧಸಕ್ಕೆನ್ನುತ್ತದೆ. ಬಾಗಿಲ ಹೊರಗೆ ನಿಂತು ಕೇಳಿದೆ, ಏನಾದರೂ ಬೇಕಾ, ಡಾಕ್ಟರಿಗೆ ಹೇಳಲಾ ಎಂದು.
"ಬೇಡ, ಬೇಡ. ಸಣ್ಣ ನೆಗಡಿ. ನಾಟ್ ಟೂ ಬ್ಯಾಡ್, ಮಿಸೆಸ್ ರಾಜ್."
ಸಾರಾದರೂ ಕೊಡುತ್ತೇನೆ ಎನ್ನಲು ಬಾಯಿ ತೆರೆದೆ. ಮುಚ್ಚಿಕೊಂಡೆ.

ಜುಲೈ 15
ಮುದುಕರು ಬಾಲ್ಕನಿಗೆ ಬರಲಿಲ್ಲ. ಸಂಜೆಯ ಆ ಹತ್ತು ನಿಮಿಷ ಇಲ್ಲದಿದ್ದರೆ ದಿನವೇ ಮುಗಿಯುವುದಿಲ್ಲ. ಒಂಟಿತನ ಕಿತ್ತು ತಿನ್ನುತ್ತಿದೆ. ಕೆಮ್ಮು ಕೇಳುತ್ತಿದೆ. ಕೆಮ್ಮಿದ್ದರೆ ಮನುಷ್ಯ ಇದ್ದಾರೆ... ಎಂದು ಸಮಾಧಾನ ಮಾಡಿಕೊಂಡೆ.

ಜುಲೈ 18
ನಿನ್ನೆ ಬೆಳಿಗ್ಗೆ ಕೆಮ್ಮು ನಿಂತಿತ್ತು. ಬಾಗಿಲು ಬಡಿದೆ, ಬಡಿದೆ. ಗಾರ್ಡ್ ಕೀ ತಂದು ತೆರೆದ. ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದಾರೆ, ತುಟಿ ನೀಲಿ. "ಸಾರಿ... ನಿಮಗೆಲ್ಲ ತೊಂದರೆ."
ಬಿಳಿ ಸೂಟಿನವರು ಬಂದು ಕರೆದುಕೊಂಡು ಹೋದರು. ಅಡುಗೆಮನೆಯಲ್ಲಿ ಖಾಲಿ ಬಿಸ್ಕತ್ ಪೊಟ್ಟಣ ಬಿಟ್ಟು ಏನೂ ಇರಲಿಲ್ಲವಂತೆ, ಗಾರ್ಡ್ ಹೇಳಿದ. ನಾಲ್ಕು ದಿನ! ಗೋಡೆಯ ಈಚೆ ನಾನು ಸಾರು ಕುದಿಸಿ ಒಬ್ಬಳೇ ಸುರಿದುಕೊಂಡೆ. ಥೂ, ನನ್ನ ಜನ್ಮಕ್ಕೆ.
ನನಗೂ ಕ್ವಾರಂಟೈನ್. ಕೈಗೆ ಗುಲಾಬಿ ಪಟ್ಟಿ ಕಟ್ಟಿದ್ದಾರೆ, ಹೊಸಿಲು ದಾಟುವಂತಿಲ್ಲ.

ಜುಲೈ 20. ಸಂಜೆ 4.10
ಆಸ್ಪತ್ರೆಯಿಂದ ಫೋನ್. ತಮಿಳು ನರ್ಸ್. "ಆಂಟಿ, ಫಾರಂಲ ಉಂಗ ಪೇರ್ ಮಟ್ಟುಂ ದಾನ್ ಇರುಕ್ಕು." ಸ್ವಂತದವರು ಅನ್ನುವ ಜಾಗದಲ್ಲಿ ನನ್ನ ಹೆಸರೊಂದೇ. ಸಂಬಂಧ: ಪಕ್ಕದ ಮನೆ. ಅದರ ಮುಂದೆ ಮುದುಕರದೇ ಕೈಬರಹದಲ್ಲಿ— ‘ಅವರಿಗೆ ಅನುಕೂಲವಿದ್ದರೆ ಮಾತ್ರ.’ ಅನುಕೂಲವಂತೆ! ಅಳು ತಡೆಯಲಾಗಲಿಲ್ಲ.
ಇನ್ನು ಹತ್ತು ನಿಮಿಷಕ್ಕೆ ಗಂಟಲಿಗೆ ಟ್ಯೂಬ್ ಹಾಕುತ್ತಾರೆ. ಆಮೇಲೆ ಮಾತಿಲ್ಲ. ಫೋನನ್ನು ಅವರ ಕಿವಿಗೆ ಹಿಡಿದಳು.
ಹೇಗಿದ್ದೀರಿ ಎಂದು ಕೇಳಲಿಲ್ಲ. ಏನು ಹೇಳುತ್ತಾರೆಂದು ಗೊತ್ತು. ಭಯ ಆಗ್ತಿದೆಯಾ ಎಂದೆ.
ಉಸಿರು ಎಳೆದುಕೊಂಡ ಸದ್ದು. ಆಮೇಲೆ—
"ಹೌದು. ಫೋನ್ ಇಡಬೇಡಿ, ಮಿಸೆಸ್ ರಾಜ್."
ಇಟ್ಟಿಲ್ಲ. ಸ್ಪೀಕರ್ ಆನ್ ಇದೆ. ಕೈಗೊಂದು ಕೆಲಸ ಬೇಕೆಂದು ಬರೆಯುತ್ತ ಕೂತಿದ್ದೇನೆ. ಮಾತು ನಿಲ್ಲಿಸಿಲ್ಲ. ನಮ್ಮ ಬೀದಿ, ನಮ್ಮ ಮೇಷ್ಟ್ರು, ಏನೇನೋ... ಯಾವಾಗಲೋ ಕನ್ನಡಕ್ಕೆ ತಿರುಗಿಬಿಟ್ಟಿದ್ದೆ. ಅವರು ಹ್ಞೂಂ ಅನ್ನುತ್ತಿದ್ದಾರೆ.
ನರ್ಸ್ ಟೈಮ್ ಆಯಿತು ಅಂದಳು. ಇನ್ನೂ ಸ್ವಲ್ಪ ಹೊತ್ತು ಬಿಡಮ್ಮಾ ಎಂದೆ. ಬಿಟ್ಟಳು. ಅವರು ಏನೋ ಹೇಳ್ತಿದ್ದಾರೆ, ತಡಿ—