ಅಪ್ಪನ ದೋಣಿಯಲ್ಲಿ ಒಂದು ಶಾಟ್

ಮಾರ್ಚ್ 3, ಬೆಳಿಗ್ಗೆ 5.50
ಮೇಕಪ್ ಕುರ್ಚಿ. ಕಾಫಿ ಆರಿದೆ. ಮತ್ತೆ ಅದೇ ಪೊಲೀಸ್ ಯೂನಿಫಾರ್ಮ್, ಕಾಲರ್ ಕತ್ತು ಕೊರೆಯುತ್ತದೆ. ಧಾರಾವಾಹಿಯಲ್ಲಿ ನನ್ನ ಒಂಬತ್ತನೇ ಕಂತು, ಪಾತ್ರಕ್ಕಿನ್ನೂ ಹೆಸರಿಲ್ಲ. ಇಂದು ನಾಲ್ಕು ಸಾಲು. ಒಂದೇ ಟೇಕಿನಲ್ಲಿ ಮುಗಿಸುತ್ತೇನೆ.

ಮಧ್ಯಾಹ್ನ — ಮುಗಿಸಿದೆ.

ಮಾರ್ಚ್ 9
ಕಿರುಚಿತ್ರ ಸಿಕ್ಕಿತು. ಮುಖ್ಯ ಪಾತ್ರ. ನಿರ್ದೇಶಕಿ ಲಿವ್ ಕೇಳಿದ್ದು ಒಂದೇ ಪ್ರಶ್ನೆ: "ಮಾರೆನ್, ಮೀನು ಕುಯ್ಯೋಕೆ ಬರುತ್ತಾ?" ಟ್ಯುಬೊರೋನ್‌ನ ಮೀನು ಬಂದರಿನಲ್ಲಿ ಬೆಳೆದವಳನ್ನು ಕೇಳುವ ಪ್ರಶ್ನೆಯೇ ಇದು?

ಕತೆ: ಮೀನುಗಾರನ ಮಗಳು. ದೋಣಿ ತನಗೆ ಬೇಡವೆಂದು ಅಪ್ಪನ ಮುಖಕ್ಕೇ ಹೇಳಬೇಕು. ಶೂಟಿಂಗಿಗೆ ನಮ್ಮ ದೋಣಿಯೇ ಆಗಬೇಕಂತೆ. ಅಪ್ಪನಿಗೆ ಫೋನ್ ಮಾಡಿದೆ.

"ದೋಣಿ ಬೇಕು, ಡೀಸೆಲ್ ಬೇಕು. ನನ್ನ ಬೂಟೂ ಬೇಕೇನೆ?"

"ಕೊಟ್ರೆ ಒಳ್ಳೇದು."

ಕತೆ ಏನೆಂದು ಕೇಳಲಿಲ್ಲ. ನಾನೂ ಹೇಳಲಿಲ್ಲ. ಕೋಪನ್‌ಹೇಗನ್‌ಗೆ ಹೊರಟಾಗ, 'ಎರಡು ವರ್ಷ ನಟಿಸಿ ನೋಡ್ತೀನಿ, ಆಮೇಲೆ ಬಂದು ದೋಣಿ ನೋಡ್ಕೋತೀನಿ' ಎಂದಿದ್ದೆ. ಬರುವ ಮೇ ತಿಂಗಳಿಗೆ ಎರಡು ವರ್ಷ...

ಏಪ್ರಿಲ್ 14, ಟ್ಯುಬೊರೋನ್
ಅಪ್ಪನ ಪಾತ್ರಕ್ಕೆ ಬಂದಿದ್ದ ಪ್ರೇಬನ್ ದೊಡ್ಡ ರಂಗನಟರು. ಬಂದರು ದಾಟಿದ ಅರ್ಧ ಗಂಟೆಗೆ ವಾಂತಿ ಮಾಡುತ್ತ ಬಕೆಟ್ ತಬ್ಬಿ ಕುಳಿತರು. ನಾಳೆ ಬಿರುಗಾಳಿಯಂತೆ, ಶಾಟ್ ಇಂದೇ ಆಗಬೇಕು. ಲಿವ್ ಅಪ್ಪನನ್ನು ನೋಡಿದಳು.

"ನಟನೆಗಿಟನೆ ನನಗೆ ಬರಲ್ಲಮ್ಮ."

"ನಟಿಸಬೇಡಿ. ಬಲೆ ಎಳೀತಾ ಇರಿ, ಮಾರೆನ್ ಹೇಳೋದನ್ನ ಕೇಳಿಸ್ಕೊಳ್ಳಿ. ಅಷ್ಟೇ."

ಅಪ್ಪ ಚುಕ್ಕಾಣಿಯನ್ನು ಜೊತೆಗಾರ ಕಾರ್ಸ್ಟನ್‌ಗೆ ಕೊಟ್ಟು ಬಂದ. ಕ್ಯಾಮೆರಾ ಓಡಿತು. ಕನ್ನಡಿಯ ಮುಂದೆ ನೂರು ಸಲ ಹೇಳಿದ್ದ ಸಾಲು. ಒಂದೇ ಟೇಕಿನಲ್ಲಿ ಮುಗಿಸುವವಳು ನಾನು; ಆದರೂ ಮೊದಲು ದೋಣಿಯ ಅಂಚು ಹಿಡಿದುಕೊಂಡೆ.

"ಅಪ್ಪ, ಈ ದೋಣಿ ನಂಗೆ ಬೇಡ. ನಾನು ವಾಪಸ್ ಬರಲ್ಲ."

ಅಪ್ಪ ಬಲೆ ಎಳೆಯುವುದನ್ನು ನಿಲ್ಲಿಸಲಿಲ್ಲ. ಸ್ಕ್ರಿಪ್ಟಿನಲ್ಲಿ ಅವನಿಗೆ ಮಾತಿಲ್ಲ. ಆದರೂ ಕೇಳಿದ:

"ಇದು ಆ ಡೈರೆಕ್ಟರ್ ಹುಡುಗಿ ಬರೆದಿದ್ದಾ, ನೀನು ಹೇಳ್ತಿರೋದಾ?"

ಲಿವ್ ಕಟ್ ಹೇಳಲಿಲ್ಲ. 'ಬರೆದದ್ದು' ಎಂದುಬಿಡಬಹುದಿತ್ತು.

"ನಾನೇ ಹೇಳ್ತಿರೋದು."

ಅಪ್ಪ ಬಲೆಯನ್ನು ಇನ್ನೆರಡು ಸಲ ಎಳೆದ.

"ಹಂಗಾದ್ರೆ ಸರಿ. ಆ ಹಗ್ಗ ಹಿಡಿ, ಜಾರ್ತಿದೆ."

ಹಿಡಿದೆ. ಅತ್ತುಬಿಟ್ಟೆ. ಅದು ನಟನೆಯಲ್ಲ.

ಏಪ್ರಿಲ್ 15
ಹೊರಗೆ ಗಾಳಿ. ರೈ ಬ್ರೆಡ್ಡು, ಹೆರಿಂಗ್ ಮೀನು. ಅಪ್ಪ ತಟ್ಟೆ ನೋಡುತ್ತಲೇ ಅಂದ: "ಕಾರ್ಸ್ಟನ್ ಚಳಿಗಾಲದಿಂದ ಕೇಳ್ತಿದಾನೆ, ದೋಣಿ ನಂಗೆ ಕೊಡು ಅಂತ. ನಿನ್ನ ಬಾಯಿಂದ ಬರ್ಲಿ ಅಂತ ಕಾಯ್ತಿದ್ದೆ."

"ಬೇಜಾರಾ?"

"ಆಗದೇ ಇರುತ್ತಾ. ಬ್ರೆಡ್ ತಿನ್ನು."

ಜೂನ್ 21, ಓರ್‌ಹುಸ್
ಚಿತ್ರೋತ್ಸವ. ನಾನು ಚೆನ್ನಾಗಿ ಮಾಡಿದ್ದೇನೆ — ಸುಮ್ಮನೆ ವಿನಯ ಯಾಕೆ. ಆದರೆ ಹೊರಗೆ ಬಂದವರೆಲ್ಲ ಕೇಳಿದ್ದು, ಆ ಮುದುಕ ನಟ ಯಾವ ನಾಟಕ ಕಂಪನಿಯವರು ಎಂದು. ಹೊಟ್ಟೆ ಉರಿಯಿತು. ಅಪ್ಪ ಗಂಭೀರವಾಗಿ ಎಲ್ಲರ ಕೈ ಕುಲುಕಿದ.

ಆಗಸ್ಟ್ 30, ಬೆಳಿಗ್ಗೆ 10.15
ಆಡಿಷನ್ ಕಾರಿಡಾರ್. ಹೊಸ ಧಾರಾವಾಹಿ, ನಾಯಕಿಯ ಪಾತ್ರ. ಏಳು ಜನ ಇದ್ದೇವೆ. ಉಳಿದ ಆರು ಜನರ ಬಗ್ಗೆ ಅಯ್ಯೋ ಅನಿಸುತ್ತಿದೆ. ಅಪ್ಪನ ಮೆಸೇಜ್: "ನಾಯಕಿಗೆ ಅಪ್ಪ ಬೇಕಾ ಅಂತ ವಿಚಾರಿಸು. ದೋಣಿ ಕಾರ್ಸ್ಟನ್‌ಗೆ ಕೊಟ್ಟಾಯ್ತು, ಈಗ ನಾನು ಖಾಲಿ."

ಬಾಗಿಲು ತೆರೆಯಿತು. ನನ್ನ ಹೆಸರೇ. ಅಪ್ಪನಿಗೆ ಆಮೇಲೆ ಉತ್ತರ ಬರೆ—