ಬೆಳ್ಳಿಯ ಹಗ್ಗ ಬಿಚ್ಚಿದ ತಪ್ಪಿಗೆ

ಕೋಟೆಯ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ,

ನಾಯಿಯೊಂದನ್ನು ಒಳಗೆ ಬಿಟ್ಟರೆಂದು ಕೋಟೆಯ ಕಾವಲುಗಾರ ಅಂಕಯ್ಯನವರನ್ನು ಕೆಲಸದಿಂದ ತೆಗೆದಿದ್ದೀರಿ. ಆದೇಶದಲ್ಲಿ 'ಪ್ರವಾಸಿಯೊಬ್ಬರ ಲಿಖಿತ ದೂರಿನ ಮೇರೆಗೆ' ಎಂದಿದೆ. ಆ ಪ್ರವಾಸಿ ನಾನು. ನಾಯಿಯೂ ನಮ್ಮದೇ. ಹೀಗಿರುವಾಗ ಶಿಕ್ಷೆ ಮಾತ್ರ ಅವರಿಗೇಕೆ?

ನನ್ನ ಅಣ್ಣ ಉಮಾಶಂಕರನಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಹೋಗಿ ಎರಡು ವರ್ಷವಾಯಿತು. ಹೊಸ ಅಗ್ರಹಾರದ ಬೀದಿಗಳಲ್ಲಿ ಅವನನ್ನು ಓಡಾಡಿಸುವುದು ನಮ್ಮ ನಾಟಿ ನಾಯಿ ಬೆಳ್ಳಿ. ಮೆಟ್ಟಿಲು ಬಂದರೆ ನಿಂತುಬಿಡುತ್ತದೆ. ಅವನು ಕಾಲಿನಿಂದ ತಡಕಿ ನೋಡುವವರೆಗೂ ಕದಲುವುದಿಲ್ಲ. ಯಾರೂ ಕಲಿಸಿದ್ದಲ್ಲ. ಹೈಸ್ಕೂಲಿನ ದಿನಗಳಲ್ಲಿ ಅವನು ಹತ್ತಿದ ಕೋಟೆಯನ್ನು ಇನ್ನೊಮ್ಮೆ ಹತ್ತಿಸಬೇಕೆಂಬ ಆಸೆ ನನ್ನದು. ಕಳೆದ ತಿಂಗಳು ಒಂದು ಭಾನುವಾರ ಬೆಳ್ಳಿಯೊಡನೆ ಆಟೊದಲ್ಲಿ ಹೋದೆವು.

ಬಾಗಿಲಲ್ಲಿ ನಿಮ್ಮ ಫಲಕವಿತ್ತು: 'ಸಾಕುನಾಯಿಗಳಿಗೆ ಪ್ರವೇಶವಿಲ್ಲ.' ಒಳಗೆ, ಶಾಸನದ ಕಲ್ಲಿಗೆ ಒರಗಿ ನಾಲ್ಕು ಬೀದಿನಾಯಿಗಳು ನಿದ್ದೆ ಹೊಡೆಯುತ್ತಿದ್ದವು. ಸಾಕಿದವರಿಲ್ಲದ ಕಾರಣ ಅವು ನಿಯಮದ ವ್ಯಾಪ್ತಿಗೆ ಬರುವುದಿಲ್ಲವೇನೋ.

"ನಾನೇನ್ ಮಾಡ್ಲಿ ಕಣವ್ವ, ಮ್ಯಾಲಿನೋರ ಆರ್ಡ್ರು," ಎಂದರು ಅಂಕಯ್ಯ. "ಈ ಕಂಬಕ್ಕೆ ಕಟ್ಟೋಗಿ, ನಾ ನೋಡ್ಕತೀನಿ."

"ಬುಡು ಮಂಗಳ, ನಾನೂ ಬೆಳ್ಳೀನೂ ಇಲ್ಲೇ ಕೂತಿರ್ತೀವಿ. ನೀ ನೋಡ್ಕಂಡ್ ಬಾ," ಎಂದ ಅಣ್ಣ.

"ಕೈ ಹಿಡ್ಕೊಳಕ್ಕೆ ನಾನಿಲ್ವ?" ಎಂದು ಬೆಳ್ಳಿಯನ್ನು ಕಂಬಕ್ಕೆ ಕಟ್ಟಿ, ಅವನನ್ನು ಒತ್ತಾಯದಿಂದ ಕರೆದೊಯ್ದೆ.

ಬುರುಜಿನ ಮೆಟ್ಟಿಲ ಮೇಲೆ, ಕೆಳಗಿನ ಕೆರೆಯ ಫೋಟೊ ತೆಗೆಯಲೆಂದು ಆ ಕೈಯನ್ನು ಬಿಟ್ಟೆ. ಅಣ್ಣ ಆರು ಮೆಟ್ಟಿಲು ಉರುಳಿದ. ಅವನ ಕೂಗು ಕೇಳಿ ಬೆಳ್ಳಿ ಕುತ್ತಿಗೆ ಬಿಗಿಯುವಂತೆ ಹಗ್ಗ ಜಗ್ಗತೊಡಗಿತಂತೆ. ಅಂಕಯ್ಯ ಗಂಟು ಬಿಚ್ಚಿ, ಅದರ ಹಿಂದೆ ತಾವೂ ಓಡಿ ಬಂದರು. ತೊಡೆಮೂಳೆ ಮುರಿದಿದ್ದ ಅಣ್ಣನನ್ನು ಕೆಳಕ್ಕೆ ಹೊತ್ತು ತಂದವರು ಅವರೇ.

ಮೂರನೆಯ ದಿನ ಬಂದು ನಿಮ್ಮ ದೂರು ಪುಸ್ತಕದಲ್ಲಿ ಸಿಟ್ಟಿನಿಂದ ಬರೆದೆ: 'ಬಿದ್ದ ಮೇಲೆ ಒಳಗೆ ಬಿಟ್ಟ ನಾಯಿಯನ್ನು ಮೊದಲೇ ಬಿಡಬಾರದಿತ್ತೇ?' ನೀವು ಪ್ರಶ್ನೆಯನ್ನು ಕೈಬಿಟ್ಟು, ನಾಯಿ ಬಿಟ್ಟವರನ್ನು ಹುಡುಕಿದಿರಿ. ಎಂಥ ಚುರುಕು! ಆದರೆ ನಿಮ್ಮನ್ನು ಹಂಗಿಸಲು ನನಗೆ ಯಾವ ಹಕ್ಕಿದೆ? ಫೋಟೊ ವಿಷಯವನ್ನು ನಾನು ಬರೆದಿರಲಿಲ್ಲ. ಅಣ್ಣ ಬಂದವರಿಗೆಲ್ಲ, ತಾನೇ ಕೈ ಬಿಡಿಸಿಕೊಂಡೆ ಎನ್ನುತ್ತಿದ್ದಾನೆ. ನಾನು ತಿದ್ದಲಿಲ್ಲ.

ಮೊನ್ನೆ ಅಂಕಯ್ಯನವರ ಮನೆಗೆ ಹೋಗಿದ್ದೆ. ಅವರ ಹೆಂಡತಿ ಸೋಮಮ್ಮ ಮಜ್ಜಿಗೆ ತಂದಿಟ್ಟು ಒಳಗೆ ಹೋದರು. ಕ್ಷಮೆ ಕೇಳಿದೆ.

"ನೀವೇನ್ ಸುಳ್ ಬರ್ದಿಲ್ವಲ್ಲವ್ವ, ಬಿಚ್ಚಿದ್ದು ನಾನೇಯ," ಎಂದರು ಅಂಕಯ್ಯ. "ಅಣ್ಣಾರು ಎಂಗವ್ರೆ?"

ಅಂದು ರಾತ್ರಿಯೇ ಈ ಪತ್ರ ಬರೆಯಲು ಕೂತೆ.

ನನ್ನ ದೂರನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ. ಅಂಕಯ್ಯನವರನ್ನು ಮರಳಿ ಕೆಲಸಕ್ಕೆ ಕರೆಯಿರಿ. ಕಣ್ಣಿಲ್ಲದವರನ್ನು ನಡೆಸಿಕೊಂಡು ಬರುವ ನಾಯಿಗಾದರೂ ಬಾಗಿಲು ತೆರೆಯಿರಿ. ಯಾರಿಗಾದರೂ ಶಿಕ್ಷೆ ಆಗಲೇಬೇಕೆಂದರೆ ಹೆಸರು, ಊರು ಕೆಳಗಿವೆ.

ನಿಮಗೂ ಪತ್ರಿಕೆಗೂ ಕಳಿಸುವ ಮುಂಚೆ ಇದನ್ನು ಅಣ್ಣನಿಗೆ ಓದಿ ಹೇಳಿದೆ. ಅವನು, "ಅಂಕಯ್ಯನ ಹೆಸರ್ನ ತಪ್ಪಿಲ್ದಂಗೆ ಬರ್ದಿದ್ದೀಯ ತಾನೆ?" ಎಂದಷ್ಟೇ ಕೇಳಿದ.

ಇಂತಿ,
ಇನ್ನೂ ಶಿಕ್ಷೆಯಾಗದ
ಸರ್ವಮಂಗಳ
ಹೊಸ ಅಗ್ರಹಾರ