ಹಬ್ಬವಿಲ್ಲದ ತಿಂಗಳು

ಹೊಸದುರ್ಗ
೧೦ ನವೆಂಬರ್ ೨೦೨೫, ಸೋಮವಾರ

ತಂಗಿ ಮಮತಾಗೆ,

ನಿನ್ನ ಅಕ್ಕ ಮಂಗಳಾಳ ಪ್ರೀತಿ, ಆಶೀರ್ವಾದ. ನೀನು, ಚಿತ್ತಯ್ಯ, ಮಗಳು ಕಾವ್ಯಶ್ರೀ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಇಲ್ಲಿ ನಾವಿಬ್ಬರೂ ಊಟ ಮಾಡುತ್ತಿದ್ದೇವೆ, ಮಲಗಿ ಏಳುತ್ತಿದ್ದೇವೆ. ಕ್ಷೇಮ ಎಂದು ಬರೆಯಲು ಮಾತ್ರ ಕೈ ಬರುತ್ತಿಲ್ಲ. ಇಷ್ಟು ದಿನ ತಡ ಮಾಡಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲೇ ಮಾತಾಡೋಣ ಎಂದು ಕಾದೆ, ನೀನು ಎತ್ತಲಿಲ್ಲ. ಒಂದು ಸಲ ಕಾವ್ಯಶ್ರೀ ಎತ್ತಿ, "ದೊಡ್ಡಮ್ಮ, ಅಮ್ಮ ಇಲ್ಲ, ಕುರಿ ರೊಪ್ಪದತಾವ ಹೋಗೈತೆ" ಅಂದಳು. ಹಿಂದಿನಿಂದ ನಿನ್ನ ದನಿ ಕೇಳಿಸುತ್ತಲೇ ಇತ್ತು. ಮಗುವಿನ ಬಾಯಲ್ಲಿ ಸುಳ್ಳು ಹೇಳಿಸುವುದಕ್ಕಿಂತ ಕಾಗದ ಬರೆಯುವುದೇ ಮೇಲು ಎಂದು ಕೂತಿದ್ದೇನೆ.

ಅವ್ವ ಹೋಗಿ ಇವತ್ತಿಗೆ ಒಂದು ತಿಂಗಳು.

ಸುತ್ತಿ ಬಳಸದೆ ಮೊದಲೇ ಕೇಳಿಬಿಡುತ್ತೇನೆ. ಈ ಇಪ್ಪತ್ತನೇ ತಾರೀಖಿನೊಳಗೆ ನಾನು ಹಟ್ಟಿಗೆ ಬರಬಹುದಾ? ಒಂದು ದಿನ ಇದ್ದು ಬರುತ್ತೇನೆ. ಹೊಸದುರ್ಗದಿಂದ ಹಿರಿಯೂರಿಗೆ ಎರಡು ಗಂಟೆಯ ಬಸ್ಸು, ಅಲ್ಲಿಂದ ನಡೆದೇ ಬಂದೇನು. ಆದರೆ ನೀನು ಬಾ ಅನ್ನದೆ ಬರಲು ನನಗೆ ಮುಖವಿಲ್ಲ. ಇಪ್ಪತ್ತೇ ಏಕೆ ಅಂತೀಯಲ್ಲ, ಅದಕ್ಕೆ ನಿಮ್ಮ ಭಾವನ ಕ್ಯಾಲೆಂಡರಿನ ಕಥೆ ಹೇಳಬೇಕು.

ಆ ಕ್ಯಾಲೆಂಡರ್ ನೋಡಿ ನೀನು ನಗುತ್ತಿದ್ದೆ. ನಾಲ್ಕು ವರ್ಷದ ಹಿಂದೆ ದಾವಣಗೆರೆಯಲ್ಲಿ ಪಾಸ್ಟರುಗಳಿಗೆಂದು ಮೂರು ದಿನದ ಕೂಟ ಆಯಿತು, ಇವರೂ ಹೋಗಿದ್ದರು. ಎಲ್ಲಿಂದಲೋ ಬಂದ ಒಬ್ಬರು ಯೆಹೂದ್ಯರ ತಿಂಗಳುಗಳ ಬಗ್ಗೆ ಪಾಠ ಮಾಡಿದರು. ಯೇಸುಸ್ವಾಮಿ ಬೆಳೆದದ್ದೇ ಆ ತಿಂಗಳುಗಳ ಲೆಕ್ಕದಲ್ಲಿ, ಉಂಡದ್ದು ಆ ಹಬ್ಬಗಳ ಊಟ, ಹಾಗಿರುವಾಗ ನಾವೇಕೆ ತಿಳಿಯಬಾರದು ಎಂದು ಇವರು ಹುರುಪಿನಲ್ಲಿ ಮನೆಗೆ ಬಂದರು. ಅದರಲ್ಲಿ ತಪ್ಪೇನೂ ನನಗೆ ಕಾಣಲಿಲ್ಲ. ಅಂದಿನಿಂದ ಪ್ರತಿ ಅಮಾವಾಸ್ಯೆ ಕಳೆದ ಕೂಡಲೇ ನಮ್ಮ ಸಭೆಯ ಪ್ರಾರ್ಥನಾಮಂದಿರದ ಗೋಡೆಗೆ ಆ ತಿಂಗಳ ವಾಗ್ದಾನದ ಒಂದು ಹಾಳೆ ಅಂಟುತ್ತದೆ. ಈ ತಿಂಗಳು ಕಿವಿ ತೆರೆಯುವ ತಿಂಗಳು, ಮುಂದಿನದು ಕನಸು ಕೈಗೂಡುವ ತಿಂಗಳು, ಅದರ ಮುಂದಿನದು ಶತ್ರು ಬಾಯಿ ಮುಚ್ಚುವ ತಿಂಗಳು. ಜನಕ್ಕೆ ಅದು ಇಷ್ಟವಾಯಿತು. ತಿಂಗಳ ಮೊದಲ ಭಾನುವಾರ ಕೂರಲು ಜಾಗ ಸಾಲದು. ಹಬ್ಬ ಬಂದರೆ ಅಡುಗೆ ನನ್ನದು.

ಎಲ್ಲಕ್ಕಿಂತ ದೊಡ್ಡದು ತಿಶ್ರಿ ತಿಂಗಳು, ನಮ್ಮ ನವರಾತ್ರಿಯ ಆಸುಪಾಸಿನಲ್ಲೇ ಬರುತ್ತದೆ. ಮೊದಲ ದಿನ ಕೊಂಬೂದುವ ಹಬ್ಬ. ಚಿತ್ತಯ್ಯ ಕೊಟ್ಟ ಟಗರಿನ ಕೊಂಬನ್ನು ಇವರು ಕೆನ್ನೆ ನೋಯುವವರೆಗೆ ಊದಿದರು, ಬಂದದ್ದು ಗಾಳಿ ಮಾತ್ರ. ಹತ್ತನೆಯ ದಿನ ಉಪವಾಸ. ಆಮೇಲೆ ಎಂಟು ದಿನ ಪರ್ಣಶಾಲೆಗಳ ಹಬ್ಬ. ದೇವರು ತನ್ನ ಜನರನ್ನು ನಲವತ್ತು ವರ್ಷ ಗುಡಾರದಲ್ಲಿ ಸಾಕಿದ್ದನ್ನು ನೆನೆದು ಗುಡಿಸಲು ಹಾಕಿ ಅದರಲ್ಲಿ ಕೂತು ಉಣ್ಣಬೇಕು. ಸಭೆಯ ತಾರಸಿಯ ಮೇಲೆ ತೆಂಗಿನ ಗರಿ, ಮೆಕ್ಕೆಜೋಳದ ದಂಟು ಕಟ್ಟಿ ನಾವೂ ಹಾಕುತ್ತೇವೆ.

ಹೋದ ವರ್ಷ ಅವ್ವ ಬಂದು ಅದರಲ್ಲಿ ಕೂತಿದ್ದು ನೆನಪಿದೆಯಲ್ಲ. ಸುತ್ತ ನೋಡಿ, "ಇದಕ್ಕೆ ಹಬ್ಬ ಅಂತಾರೇನೇ ಮಂಗಳಿ? ಕುರಿ ಹಿಂದೆ ಹೋದಾಗೆಲ್ಲ ನಾನು ಇಂಥ ಗುಡಿಸ್ಲಾಗೇ ಮಲ್ಗಿದ್ದು. ಆವಾಗ ಯಾರೂ ನಂಗೆ ಹಬ್ಬ ಅಂತ ಹೇಳ್ಲೇ ಇಲ್ಲ" ಅಂದಳು. ಇವರು, "ಅತ್ತೆ, ನಮ್ಮ ದೇವ್ರೂ ಜನದ ಜೊತೆ ಗುಡಾರದಾಗೇ ಇದ್ದೋನು" ಅಂದರು. "ಹಂಗಾರೆ ನಮ್ಮೋನೇ ಬಿಡ್ರಿ" ಅಂದುಬಿಟ್ಟಳು ಅವ್ವ. ಅವತ್ತು ನಕ್ಕಷ್ಟು ಇವರು ನಕ್ಕಿದ್ದನ್ನು ನಾನು ಯಾವತ್ತೂ ನೋಡಿಲ್ಲ. ಮುಂದಿನ ಭಾನುವಾರದ ಪ್ರಸಂಗದಲ್ಲೂ ಅದನ್ನೇ ಹೇಳಿದರು.

ಈ ವರ್ಷ ಗುಡಿಸಲಿನ ಎರಡನೆಯ ದಿನ, ಅಕ್ಟೋಬರ್ ಎಂಟಕ್ಕೆ, ನಿನ್ನ ಫೋನ್ ಬಂತು. "ಅವ್ವಂಗೆ ಉಸಿರು ಕಟ್ತೈತೆ, ನಿನ್ನೇ ಕೇಳ್ತೈತೆ, ಬಾರೇ" ಅಂದೆ. ಬರುತ್ತೇನೆ ಅಂದೆ ನಾನು. ದಿನಾ ಎಂಬತ್ತು ಜನದ ಊಟ, ಊರೂರಿಂದ ಬಂದವರು, ನೀರಿನ ತಾಪತ್ರಯ. ನಮ್ಮ ಮನೆಯ ಹಬ್ಬ ಅಡ್ಡ ಬಂತು. ಹತ್ತರ ಬೆಳಿಗ್ಗೆ ಚಿತ್ತಯ್ಯನೇ ಫೋನ್ ಮಾಡಿ, "ಅತ್ತೆ ಹೋದ್ಲು" ಎಂದಷ್ಟೇ ಹೇಳಿ ಇಟ್ಟರು.

ಮಣ್ಣಿಗೆ ನಾವು ಬಂದಾಗ ನೀನು ಎಲ್ಲರೆದುರು ಕೇಳಿದೆ, "ನಿನ್ನ ಗಂಡನ ಹಬ್ಬ ಮುಗೀತೇನಕ್ಕಾ?" ಎಂದು. ಚಿತ್ತಯ್ಯ ಇವರ ಮುಂದೆ ನಿಂತು, "ಹೆತ್ತವ್ವ ಸಾಯೋವಾಗ ಮಗಳ್ನ ಕಳಿಸ್ದೆ ಇಟ್ಕಂಡ್ರಲ್ಲ, ನೀವೇನು ದೇವ್ರ ಮನುಷ್ಯರ್ರೀ? ಇನ್ನ ಈ ಹಟ್ಟಿ ಕಡೆ ಬರಬ್ಯಾಡ್ರಿ" ಅಂದರು. ಇವರು ಕೈ ಮುಗಿದುಕೊಂಡು ನಿಂತೇ ಇದ್ದರು. ಸಂಜೆಗೆ ವಾಪಸ್ ಬಂದೆವು. ಹನ್ನೊಂದರ ದಿನಕ್ಕೂ ನೀನು ಕರೆಯಲಿಲ್ಲ. ಅದು ದೀಪಾವಳಿಯ ದಿನವೇ ಬಿದ್ದಿತ್ತು. ಬೀದಿಯ ಮಕ್ಕಳು ಪಟಾಕಿ ಹೊಡೆಯುತ್ತಿದ್ದರೆ ನಾನು ಕದ ಹಾಕಿಕೊಂಡು ತಾರಸಿಯಿಂದ ಇಳಿಸಿದ ಗರಿಗಳನ್ನು ಕಡಿದು ಒಲೆಗೆ ಸೌದೆ ಮಾಡಿದೆ.

ತಿಶ್ರಿ ಮುಗಿದ ಮೇಲೆ ಬರುವ ತಿಂಗಳಿನ ಹೆಸರು ಹೆಷ್ವಾನ್. ಈಗ ನಡೆಯುತ್ತಿರುವುದು ಅದೇ, ಇಪ್ಪತ್ತಕ್ಕೆ ಮುಗಿಯುತ್ತದೆ. ಇದರಲ್ಲಿ ಒಂದು ಹಬ್ಬವೂ ಇಲ್ಲ, ಉಪವಾಸವೂ ಇಲ್ಲ. ಕಹಿ ತಿಂಗಳು ಎಂದೂ ಅದನ್ನು ಕರೆಯುತ್ತಾರಂತೆ. ಪ್ರತಿ ವರ್ಷ ಈ ತಿಂಗಳಿಗೆ ಗೋಡೆಯ ಹಾಳೆಯಲ್ಲಿ ಏನು ಬರೆಯುವುದು ಎಂದು ಇವರು ಒದ್ದಾಡುತ್ತಾರೆ. ಈ ವರ್ಷ ಒದ್ದಾಡಲು ದನಿಯೇ ಇರಲಿಲ್ಲ. ಎಂಟು ದಿನ ಮೈಕಿಲ್ಲದೆ ಕೂಗಿ ಗಂಟಲು ಪೂರ್ತಿ ಕಟ್ಟಿತು. ಚಿತ್ರದುರ್ಗದ ಡಾಕ್ಟರು, ತಿಂಗಳು ಪೂರ್ತಿ ಮಾತಾಡಬೇಡಿ, ಪಿಸುಗುಟ್ಟಲೂಬೇಡಿ ಎಂದು ಕಳಿಸಿದರು. ಈಗ ಮನೆಯಲ್ಲಿ ಚೀಟಿಯ ಸಂಸಾರ. "ಉಪ್ಪು ಜಾಸ್ತಿ" ಎಂದೂ ಚೀಟಿ ಬರುತ್ತದೆ. ಹೋದ ವಾರ ಬಂದ ಚೀಟಿಯಲ್ಲಿ, "ಈ ಭಾನುವಾರ ಹೆಷ್ವಾನ್ ಬಗ್ಗೆ ನೀನೇ ಮಾತಾಡು" ಎಂದಿತ್ತು.

ಇಪ್ಪತ್ತೇಳು ವರ್ಷದಲ್ಲಿ ನಾನು ಪಾತ್ರೆ ಎಲ್ಲಿವೆ, ಚಾಪೆ ಎಲ್ಲಿವೆ ಎಂಬುದನ್ನು ಬಿಟ್ಟು ಸಭೆಯಲ್ಲಿ ಬೇರೇನೂ ಹೇಳಿದವಳಲ್ಲ. ಆದರೂ ವಾರವಿಡೀ ಬೈಬಲ್ ತಿರುವಿದೆ. ಸಿಕ್ಕಿದ್ದು ಎರಡೇ. ನೋಹನ ಕಾಲದ ಮಳೆ ಶುರುವಾದದ್ದು ಈ ತಿಂಗಳ ಹದಿನೇಳಕ್ಕೆ ಎನ್ನುವವರಿದ್ದಾರೆ. ಇನ್ನೊಂದು, ಸೊಲೊಮೋನ ಏಳು ವರ್ಷ ಕಟ್ಟಿಸಿದ ದೇವಾಲಯದ ಕೆಲಸ ಮುಗಿದದ್ದು ಇದೇ ತಿಂಗಳಲ್ಲಿ. ಬೈಬಲಿನಲ್ಲಿ ಇದನ್ನು ಬೂಲ್ ಎಂದು ಕರೆದಿದೆ. ಕೆಲಸ ಮುಗಿದದ್ದು ಇದರಲ್ಲಿ, ಪ್ರತಿಷ್ಠೆಯ ಹಬ್ಬವನ್ನು ಮಾತ್ರ ಅವನು ಹಬ್ಬಗಳಿರುವ ಏಳನೆಯ ತಿಂಗಳು ತಿಶ್ರಿಗೇ ಕೊಟ್ಟ. ಓದಿ ನನಗೆ ನಗು ಬಂತು, ಮಮತಾ. ಬೇಯಿಸುವವರೊಬ್ಬರು, ಬಡಿಸಿ ಹೆಸರು ತೆಗೆದುಕೊಳ್ಳುವವರೊಬ್ಬರು ಎಂಬುದು ಅಂದಿನಿಂದಲೂ ಇದೆ.

ನಿನ್ನೆ ಎದ್ದು ನಿಂತು ಅದನ್ನೇ ಹೇಳಿದೆ. ಈ ತಿಂಗಳಲ್ಲಿ ದೇವರು ಏನೂ ಕೇಳುವುದಿಲ್ಲ, ಹೊಸದಾಗಿ ಏನನ್ನೂ ಕೊಡುತ್ತೇನೆ ಎಂದೂ ಹೇಳುವುದಿಲ್ಲ. ಯೇಸುಸ್ವಾಮಿಯೂ ಮೂವತ್ತು ವರ್ಷ ಹೆಚ್ಚಿನ ದಿನಗಳನ್ನು ಕಳೆದದ್ದು ಇಂಥ ತಿಂಗಳುಗಳಲ್ಲೇ, ಮರ ಕೊಯ್ದುಕೊಂಡು, ಅವ್ವ ಮಾಡಿದ್ದನ್ನು ಉಂಡುಕೊಂಡು. ಹಬ್ಬದಲ್ಲಿ ದೇವರು ನಮ್ಮ ಜೊತೆ ಇದ್ದಾನೆ ಅನ್ನುವುದಕ್ಕೆ ಹಾಡು, ಊಟ ಎಲ್ಲ ಸಾಕ್ಷಿ ಇರುತ್ತವೆ. ಹೆಷ್ವಾನಿನಲ್ಲಿ ಸಾಕ್ಷಿಯಿಲ್ಲ, ಅವನು ಇದ್ದಾನೆ ಅಷ್ಟೇ. ಅಷ್ಟನ್ನು ನಂಬಿ ಸುಮ್ಮನೆ ಕೂರಲು ಕಲಿಯುವುದೇ ಈ ತಿಂಗಳ ಕೆಲಸ ಎಂದು ನನಗೆ ಅನ್ನಿಸುತ್ತದೆ ಎಂದು ಹೇಳಿ ಮುಗಿಸಿದೆ.

ಮಂಡಿನೋವಿನ ಗಂಗಕ್ಕ ಮುಂದಿನ ಸಾಲಿನಲ್ಲಿ ಕೂತಿದ್ದರು. ನಾಲ್ಕು ವರ್ಷದಿಂದ ಪ್ರತಿ ತಿಂಗಳ ವಾಗ್ದಾನಕ್ಕೂ ತಪ್ಪದೆ ಬರುವವರು. "ಅಮ್ಮಾರೇ, ಹಂಗಾರೆ ಈ ತಿಂಗ್ಳು ಏನೂ ಸಿಗಲ್ವಾ?" ಎಂದು ಕೇಳಿದರು. "ಇಲ್ಲ ಗಂಗಕ್ಕ, ಏನೂ ಇಲ್ಲ. ಕಾಲು ಚಾಚ್ಕಂಡು ಕುಂತ್ಕಳ್ರಿ" ಅಂದೆ. ಅವರು ಕಾಲು ಚಾಚುತ್ತಾ, "ಸದ್ಯ. ಪ್ರತಿ ತಿಂಗ್ಳೂ ಸಿಗ್ತೈತೆ ಸಿಗ್ತೈತೆ ಅಂತ ಕಾದು ಕಾದು ನಂಗೂ ಸಾಕಾಗಿತ್ತು" ಅಂದರು. ಜನ ನಕ್ಕರು. ಇವರು ಹಿಂದಿನ ಗೋಡೆಗೆ ಒರಗಿ ಕೂತಿದ್ದರು, ಅವರೂ ದನಿಯಿಲ್ಲದೆ ನಕ್ಕರು. ರಾತ್ರಿ ಊಟಕ್ಕೆ ಕೂತಾಗ ಬಂದ ಚೀಟಿಯಲ್ಲಿ, "ಮುಂದಿನ ವರ್ಷ ಹಬ್ಬ ಕಮ್ಮಿ ಮಾಡೋಣ" ಎಂದಿತ್ತು.

ನನಗೆ ದಣಿವಾಗಿದೆ, ಮಮತಾ. ನಿದ್ದೆ ಮಾಡಿದರೆ ಹೋಗುವ ದಣಿವಲ್ಲ. ನನ್ನ ಅತ್ತೆ ಆರು ವರ್ಷ ಹಾಸಿಗೆ ಹಿಡಿದಿದ್ದರು, ಮಗ್ಗುಲು ಬದಲಿಸುವುದರಿಂದ ಹಿಡಿದು ಎಲ್ಲವನ್ನೂ ಮಾಡಿದೆ. ಅವರು ಹೋದ ಮೇಲೆ ಒಂದು ತಿಂಗಳೂ ಕೂರಲಿಲ್ಲ, ಈ ಹಬ್ಬಗಳು ಶುರುವಾದವು. ಪಾಸ್ಟರಮ್ಮನಿಗೆ ಬೇಸರ, ದಣಿವು ಇರಲೇಬಾರದು ಎಂದು ಜನ ಅಂದುಕೊಂಡಿದ್ದಾರೆ. ಅವ್ವನಿಗಾಗಿ ನಾನು ಇನ್ನೂ ಸರಿಯಾಗಿ ಅತ್ತಿಲ್ಲ. ಗುಡಿಸಲಿನ ದಿನಗಳಲ್ಲಿ ಸಂತೋಷದಿಂದಿರಬೇಕೆಂದು ಬೈಬಲಿನಲ್ಲಿ ವಾಕ್ಯವೇ ಇದೆ. ಮಣ್ಣು ಮಾಡಿ ಬಂದ ಮಾರನೆಯ ದಿನ ಗುಡಿಸಲಿನಲ್ಲಿ ಪಾಯಸ ಬಡಿಸಿದೆ.

ನಿನ್ನ ಮನೆಯಲ್ಲೂ ಈ ವರ್ಷ ಹಬ್ಬವಿಲ್ಲ ಎಂದು ನನಗೆ ಗೊತ್ತು. ದೀಪ ಹಚ್ಚಲಿಲ್ಲ, ಯುಗಾದಿಗೂ ಬೇವು ಬೆಲ್ಲವಿಲ್ಲ. ಹಬ್ಬವಿಲ್ಲದ ಇಬ್ಬರು ಒಂದು ದಿನ ಒಂದೇ ಮನೆಯಲ್ಲಿ ಕೂತರೆ ಯಾರಿಗೇನು ನಷ್ಟ? ನಾನು ಪ್ರಾರ್ಥನೆ ಮಾಡಲು ಬರುತ್ತಿಲ್ಲ, ಯಾರಿಗೂ ಏನೂ ಹೇಳುವುದೂ ಇಲ್ಲ. ಅವ್ವನ ಎಡೆಗೆ ನೀನು ಏನಿಡುತ್ತೀಯೋ ಇಡು, ನಾನು ಪಕ್ಕದಲ್ಲಿರುತ್ತೇನೆ. ನಿನಗೂ ಎರಡು ವರ್ಷ ಅವ್ವನನ್ನು ನೋಡಿಕೊಂಡು ಮೈ ಸೋತಿರಬೇಕು. ಒಂದು ದಿನದ ಅಡುಗೆ ನಾನು ಮಾಡುತ್ತೇನೆ, ನೀನು ಮಲಗು. ಇಪ್ಪತ್ತು ಕಳೆದರೆ ಕಿಸ್ಲೇವ್ ತಿಂಗಳು, ದೀಪದ ಹಬ್ಬ, ಹಿಂದೆಯೇ ಕ್ರಿಸ್‌ಮಸ್. ಆಮೇಲೆ ನನ್ನನ್ನು ಬಿಡುವವರಿಲ್ಲ.

ಚಿತ್ತಯ್ಯನಿಗೆ ನನ್ನ ನಮಸ್ಕಾರ ಹೇಳು. ಕಾವ್ಯಶ್ರೀ ಚೆನ್ನಾಗಿ ಓದಲಿ, ಫೋನಿನಲ್ಲಿ ಹೇಳಿದ್ದಕ್ಕೆ ನಾನು ಏನೂ ಅಂದುಕೊಂಡಿಲ್ಲ ಎಂದು ತಿಳಿಸು. ನಿನ್ನ ಕುರಿಗಳು ಮರಿಗಳು ಚೆನ್ನಾಗಿರಲಿ, ನಿನ್ನ ಮೈಗೆ ಬಲ ಬರಲಿ, ದೇವರು ನಿನ್ನ ಹೊಸ್ತಿಲು ಕಾಯಲಿ.

ನಿನ್ನ ಅಕ್ಕ,
ಮಂಗಳಾ

ಮರೆತು ಉಳಿದದ್ದಲ್ಲ ಇದು, ಧೈರ್ಯ ಸಾಲದೆ ಉಳಿದದ್ದು. ಮೇಲೆ ಹಬ್ಬ ಅಡ್ಡ ಬಂತು ಎಂದು ಬರೆದಿದ್ದೇನೆ. ಅದು ಸುಳ್ಳು. ಅವತ್ತು ನೀನು ಫೋನ್ ಮಾಡಿದಾಗ ನಿಮ್ಮ ಭಾವ ಪಕ್ಕದಲ್ಲೇ ಇದ್ದರು. "ಹೋಗು ಮಂಗಳಾ, ಅಡುಗೆ ಯಾರಾರ ಮಾಡ್ತಾರೆ" ಅಂದರು. ಸಂಜೆ ಇನ್ನೊಂದು ಸಲ ಅಂದರು. ಒಂಬತ್ತರ ಬೆಳಿಗ್ಗೆ ಗಂಗಕ್ಕನಿಗೆ ಅಡುಗೆಮನೆ ಒಪ್ಪಿಸಿ, ನನ್ನ ಬ್ಯಾಗನ್ನು ತಾವೇ ತುಂಬಿ ಬಾಗಿಲ ಹತ್ತಿರ ಇಟ್ಟರು. ನಾನು ಅದನ್ನು ಒಳಗೆ ತಂದು ಬಟ್ಟೆಗಳನ್ನು ಮತ್ತೆ ಬೀರುವಿನಲ್ಲಿ ಜೋಡಿಸಿದೆ. ಹಬ್ಬ ಬಿಟ್ಟು ಹೇಗೆ ಹೋಗಲಿ ಎಂದು ಅವರ ಮೇಲೇ ರೇಗಿದೆ. ಅತ್ತೆಯ ಆರು ವರ್ಷದ ವಾಸನೆ ನನ್ನ ಮೂಗಿನಿಂದ ಇನ್ನೂ ಹೋಗಿರಲಿಲ್ಲ. ಇನ್ನೊಂದು ಹಾಸಿಗೆಯ ಪಕ್ಕ ಕೂರಲು ನನ್ನಿಂದ ಆಗುತ್ತಿರಲಿಲ್ಲ, ಅದು ಅವ್ವನದೇ ಆದರೂ. ನೀನಿದ್ದೀಯ, ನೋಡಿಕೊಳ್ಳುತ್ತೀಯ ಅಂದುಕೊಂಡು ತಾರಸಿ ಹತ್ತಿ ಜನರ ಜೊತೆ ಹಾಡಿದೆ.

ಮಣ್ಣಿನ ದಿನ ಚಿತ್ತಯ್ಯ ಅಷ್ಟು ಅಂದರೂ ಇವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನೋಡಿದರೆ ನಿಮಗೆಲ್ಲ ಗೊತ್ತಾಗಿಬಿಡುತ್ತದೆ ಎಂದು. ನಾನೂ ಬಾಯಿ ಬಿಡಲಿಲ್ಲ, ಇವತ್ತಿನವರೆಗೂ ಬಿಟ್ಟಿಲ್ಲ. ಅವರನ್ನು ಹಟ್ಟಿಗೆ ಕರೆಯಿರಿ. ಇಷ್ಟು ಓದಿದ ಮೇಲೂ ನನ್ನನ್ನು ಕರೆಯಬೇಕು ಅನ್ನಿಸಿದರೆ ಬಾ ಅನ್ನು. ಅನ್ನಿಸದಿದ್ದರೆ ಒಂದೇ ಒಂದು ಸಾಲು ಬರೆದು ಹಾಕು. ಆ ಎರಡು ದಿನ ಅವ್ವ ಕೊನೆಯವರೆಗೂ ನನ್ನ ಕೇಳುತ್ತಲೇ ಇದ್ದಳಾ, ಇಲ್ಲ ಕೇಳುವುದನ್ನು ಬಿಟ್ಟಿದ್ದಳಾ?